ಖಾಂಡವದಿಂದ ಕೆಸರೂರಿನವರೆಗೆ: ಕಾವ್ಯದ ಕಾಡುಗಿಚ್ಚು, ಊರಿನ ಹೊಣೆ

ಕಾಡುಗಿಚ್ಚಿನ ವರ್ಣನೆ ನಮ್ಮ ಕಾವ್ಯಪರಂಪರೆಗೆ ಹೊಸದಲ್ಲ. ಆದರೆ ಅಂತಹ ವರ್ಣನೆಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಕೇಳುವುದು ಅಲಂಕಾರ ಯಾವುದು, ರಸ ಯಾವುದು ಎಂಬ ಪ್ರಶ್ನೆಗಳನ್ನೇ. ಬೆಂಕಿಯನ್ನು ಹಚ್ಚಿದವರಾರು, ತಡೆಯಬಹುದಾಗಿದ್ದವರಾರು, ಉರಿದ ನೆಲ ಯಾರಿಗೆ ಸೇರಿತು ಎಂಬ ಪ್ರಶ್ನೆಗಳು ವಿಮರ್ಶೆಯ ಆಚೆಗೇ ಉಳಿದಿವೆ. ಇವು ಸಾಹಿತ್ಯಕ್ಕೆ ಹೊರಗಿನ ಪ್ರಶ್ನೆಗಳಲ್ಲ ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಖಾಂಡವದಹನವನ್ನು ನೋಡೋಣ. ಬ್ರಾಹ್ಮಣವೇಷದಲ್ಲಿ ಬಂದ ಅಗ್ನಿ ಹಸಿವೆಯನ್ನು ಹೇಳಿಕೊಳ್ಳುತ್ತಾನೆ. ಕೃಷ್ಣಾರ್ಜುನರು ವನವನ್ನು ಅವನಿಗೆ ಒಪ್ಪಿಸುತ್ತಾರೆ. ಇಂದ್ರನು ಮಳೆ ಕರೆದರೆ ಅರ್ಜುನನು ಬಾಣಗಳ ಹೊದಿಕೆಯಿಂದ ಅದನ್ನು ತಡೆಯುತ್ತಾನೆ. ಆರಬೇಕಾದ ಬೆಂಕಿ ಆರದಂತೆ ನೋಡಿಕೊಳ್ಳುವುದೇ ಇಲ್ಲಿಯ ವೀರಕಾರ್ಯ. 10ನೆಯ ಶತಮಾನದ ಪಂಪನು ‘ವಿಕ್ರಮಾರ್ಜುನವಿಜಯ’ದಲ್ಲಿ ಅರ್ಜುನನೊಡನೆ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅಭೇದವಾಗಿ ಕಂಡವನು. ಆದ್ದರಿಂದ ಕನ್ನಡದಲ್ಲಿ ಈ ಪ್ರಸಂಗ ರಾಜಪ್ರಶಂಸೆಯ ಭಾಗವೂ ಆಯಿತು. 1967ರಲ್ಲಿ ಪ್ರಕಟವಾದ ಮರಾಠಿಯ ‘ಯುಗಾಂತ’ದಲ್ಲಿ ಇರಾವತಿ ಕರ್ವೆಯವರು ಇದನ್ನು ಕಾಡು ಕಡಿದು ನೆಲ ಗಳಿಸಿಕೊಂಡ ಕಥೆಯೆಂದು ಓದಿ, ಅದರ ಕ್ರೌರ್ಯವನ್ನು ಮೊದಲ ಬಾರಿಗೆ ಎಂಬಂತೆ ನಮ್ಮ ಮುಂದಿಟ್ಟರು.

ಆದರೆ ವ್ಯಾಸಭಾರತದ ಈ ಪ್ರಸಂಗದಲ್ಲಿಯೇ ಇನ್ನೊಂದು ದನಿಯಿದೆ. ಜರಿತೆಯೆಂಬ ತಾಯಿಹಕ್ಕಿ ರೆಕ್ಕೆ ಬಲಿಯದ ತನ್ನ ನಾಲ್ಕು ಮರಿಗಳನ್ನು ಇಲಿಯ ಬಿಲದಲ್ಲಿ ಅಡಗಿಸಿ ಮಣ್ಣು ಮುಚ್ಚಬಯಸುತ್ತದೆ. ಮರಿಗಳು ಒಪ್ಪುವುದಿಲ್ಲ, ಬಿಲದಲ್ಲಿ ಇಲಿಯ ಭಯ ನಿಶ್ಚಿತ, ಗಾಳಿ ತಿರುಗಿದರೆ ಬೆಂಕಿ ತಪ್ಪಲೂಬಹುದು ಎಂದು ತರ್ಕಿಸುತ್ತವೆ. ಅಪಾಯವನ್ನು ಅಪಾಯದೊಡನೆ ತೂಗಿ ನೋಡುವ ಇಂತಹ ಸಮಾಲೋಚನೆ ಉರಿಯುವ ಕಾಡಿನ ನಿವಾಸಿಗಳದು, ವೀರರದಲ್ಲ. ವಿಮರ್ಶಕರು ಇದನ್ನು ಉಪಾಖ್ಯಾನವೆಂದು ಬದಿಗಿಟ್ಟಿರುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಈ ಪರಂಪರೆಯನ್ನು ತಲೆಕೆಳಗು ಮಾಡುತ್ತದೆ. 1987ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕಾದಂಬರಿಯ ಕೆಸರೂರು ಮಲೆನಾಡಿನ ಒಂದು ಊರು. ಏಲಕ್ಕಿಯ ಇಳುವರಿ ಏಕೆ ಕುಸಿಯಿತೆಂಬ ತನಿಖೆ ಒಂದು ಕಡೆ, ಜಾತಿಮತಗಳ ಕಿತ್ತಾಟ ಇನ್ನೊಂದು ಕಡೆ. ಕೊನೆಯಲ್ಲಿ ಬೆಂಕಿ ಊರನ್ನು ಸುತ್ತುವರಿಯುತ್ತದೆ. ಇಲ್ಲಿ ಅಗ್ನಿ ದೇವತೆಯಲ್ಲ, ಹಚ್ಚಿದವನು ವೀರನೂ ಅಲ್ಲ. ಈ ಮುಕ್ತಾಯವನ್ನು ಸಾಂಕೇತಿಕ ಪ್ರಳಯವೆಂದು ಓದುವುದುಂಟು. ಆ ಓದು ತಪ್ಪಲ್ಲ, ಆದರೆ ಅಪೂರ್ಣ. ಒಬ್ಬರನ್ನೊಬ್ಬರು ನಂಬದ ಜನ ಸುತ್ತಲಿನ ಕಾಡಿನ ವಿಷಯದಲ್ಲಿ ಕೂಡಿ ಆಲೋಚಿಸಲಾರರು. ಕೂಡಿ ಆಲೋಚಿಸದ ಊರನ್ನು ಬೆಂಕಿ ಹುಡುಕಿಕೊಂಡು ಬರುತ್ತದೆ. ಇದು ಸಂಕೇತವಾಗುವ ಮೊದಲು ವಾಸ್ತವ.

ವಾಸ್ತವವೆಂಬುದಕ್ಕೆ ನಿದರ್ಶನ ದೂರವಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿಯಿತ್ತು. ಬೇಸಗೆಯ ಮೊದಲಲ್ಲೇ ಉದುರಿದ ತರಗೆಲೆಗೆ ಸಣ್ಣ ಉರಿಯನ್ನು ಹಚ್ಚಿ, ನೆಲದ ಮಟ್ಟದಲ್ಲೇ ಅದನ್ನು ಹಾಯಿಸುವುದು ಅದರ ಕ್ರಮ. ಉರಿಯಬಲ್ಲ ಸರಕು ಕಡಮೆಯಾದುದರಿಂದ ಕಡುಬೇಸಗೆಯ ದೊಡ್ಡ ಬೆಂಕಿಗೆ ಆಸ್ಪದವಿರುತ್ತಿರಲಿಲ್ಲ. ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಿತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಪದ್ಧತಿ ನಿಂತಿತು. ಆಮೇಲೆ ಲಂಟಾನ ಬೆಟ್ಟವನ್ನು ಮುಸುಕಿತೆಂದು ಸೋಲಿಗರು ಹೇಳುತ್ತಾರೆ. ಸಂಶೋಧಕರು ಅದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಅಲ್ಲಿಯ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ದೊರೆತವು.

ಹಾಗೆಂದು ಹಳೆಯ ಪದ್ಧತಿಯನ್ನು ಇದ್ದಕ್ಕಿದ್ದಂತೆ ಮರಳಿ ತರಬಹುದೆಂದು ನಾವು ವಾದಿಸುವುದಿಲ್ಲ. ಲಂಟಾನ ಆಳೆತ್ತರ ಬೆಳೆದ ಕಾಡಿನಲ್ಲಿ ಸಣ್ಣ ಉರಿಯೂ ಪೊದೆಯನ್ನೇರಿ ಮರದ ತಲೆಯನ್ನು ಮುಟ್ಟುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟುದನ್ನು ಮರೆಯಲಾಗದು. ಮೊದಲು ಪೊದೆ ಕಡಿಯುವುದು, ಬೆಂಕಿ ರೇಖೆ ತೆಗೆಯುವುದು, ಯಾವ ದಿಕ್ಕಿಗೆ ಯಾರು ಕಾವಲೆಂದು ಗೊತ್ತುಮಾಡುವುದು, ಇಲಾಖೆಯೂ ಗ್ರಾಮಸಭೆಯೂ ಒಂದೇ ಜಗಲಿಯಲ್ಲಿ ಕುಳಿತು ನಿರ್ಣಯಿಸುವುದು: ಇವೆಲ್ಲ ಆದ ಮೇಲಷ್ಟೇ ಉರಿಯ ಮಾತು.

ಇದು ಕಾಡಂಚಿನವರ ಚಿಂತೆ ಮಾತ್ರ ಎಂದು ಬಯಲಿನ ನಾವು ಎಣಿಸಬಾರದು. ದಾವಣಗೆರೆ ಸೀಮೆಯ ಗದ್ದೆಗಳಿಗೆ ಹರಿಯುವುದು ಭದ್ರಾ ನಾಲೆಯ ನೀರು. ಹರಿಹರದ ಬದಿಯಲ್ಲಿ ಹರಿಯುವುದು ತುಂಗಭದ್ರೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ; ಭದ್ರಾ ಜಲಾಶಯದ ಅಂಚಿನಲ್ಲೇ ಹುಲಿಗಳ ರಕ್ಷಿತಾರಣ್ಯವಿದೆ. ಅಲ್ಲಿಯ ಇಳಿಜಾರು ಸುಟ್ಟು ಬರಿದಾದರೆ ಮೊದಲ ಮಳೆಗೇ ಬೂದಿಯೂ ಮಣ್ಣೂ ಹೊಳೆಗೆ ಇಳಿಯುತ್ತವೆ. ಸಾರಥಿಯಂತಹ ಊರಿನ ರೈತನಿಗೆ ಆ ಕಾಡು ಕಾಣದಿರಬಹುದು; ಅದರ ಲಾಭನಷ್ಟ ತಪ್ಪದು.

ಸಾಹಿತ್ಯದ ವಿದ್ಯಾರ್ಥಿ ಇಲ್ಲಿ ಮಾಡಬೇಕಾದುದು ಬೆಂಕಿ ಆರಿಸುವ ಕೆಲಸವಲ್ಲ, ಬೆಂಕಿಯ ಕಥೆಯನ್ನು ಸರಿಯಾಗಿ ಓದುವ ಕೆಲಸ. ಕಿಚ್ಚನ್ನು ದೈವಲೀಲೆಯೆಂದೋ ವೀರನ ವಿಜಯವೆಂದೋ ಓದುವ ಅಭ್ಯಾಸವಿರುವವರೆಗೆ ಅದಕ್ಕೆ ಯಾರೂ ಹೊಣೆಯಾಗುವುದಿಲ್ಲ. ಅರ್ಜುನನ ಬಾಣದ ಹೊದಿಕೆಗಿಂತ ಜರಿತೆಯ ಮರಿಗಳ ಮಾತು ಹೆಚ್ಚು ಬೆಲೆಯುಳ್ಳದ್ದೆಂದು ಅರಿತ ದಿನ, ನಮ್ಮ ವಿಮರ್ಶೆಯೂ ಊರಿನ ಸಮಾಲೋಚನೆಯಲ್ಲಿ ಒಂದು ದನಿಯಾಗಲು ಅರ್ಹವಾದೀತು.