ವಾಷಿಂಗ್ ಮೆಷಿನ್ ಕೊಟ್ಟ ಬಿಡುವು ಯಾರ ಪಾಲಿಗೆ?

ಸ್ವೀಡನ್ನಿನ ವೈದ್ಯ ಹಾಗೂ ಅಂಕಿಅಂಶ ತಜ್ಞ ಹಾನ್ಸ್ ರೋಸ್ಲಿಂಗ್ 2010ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ವಾಷಿಂಗ್ ಮೆಷಿನ್ ಕುರಿತು ಒಂದು ಪುಟ್ಟ ಭಾಷಣ ಮಾಡಿದರು. 2017ರಲ್ಲಿ ಅವರು ತೀರಿಕೊಂಡ ಮೇಲೂ ಆ ಭಾಷಣವನ್ನು ಜಗತ್ತಿನಾದ್ಯಂತ ಜನ ನೋಡುತ್ತಲೇ ಇದ್ದಾರೆ. ಅವರು ನಾಲ್ಕು ವರ್ಷದ ಬಾಲಕನಾಗಿದ್ದಾಗ ಮನೆಗೆ ಮೊದಲ ಯಂತ್ರ ಬಂತು. ತಂದೆ ತಾಯಿ ಅದಕ್ಕಾಗಿ ವರ್ಷಗಟ್ಟಲೆ ಹಣ ಕೂಡಿಟ್ಟಿದ್ದರು. ತಾಯಿ ಬಟ್ಟೆ ತುಂಬಿದರು, ಜೀವಮಾನವಿಡೀ ಕೈಯಲ್ಲೇ ಒಗೆದಿದ್ದ ಅಜ್ಜಿ ಗುಂಡಿ ಒತ್ತಿದರು. ಆ ಮೇಲೆ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದೊಯ್ದರು. ಯಂತ್ರದೊಳಗಿನಿಂದ ಪುಸ್ತಕಗಳು ಹೊರಬಂದವು ಎಂಬುದು ಭಾಷಣದ ತಿರುಳು.

ಈ ಭಾಷಣದ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳಬೇಕು. ಬಟ್ಟೆ ಒಗೆಯುವುದೂ ಚರ್ಚಿಸಬೇಕಾದ ಒಂದು ವಿಷಯವೆಂದು ದೊಡ್ಡ ವೇದಿಕೆಯಲ್ಲಿ ನಿಂತು ಹೇಳುವ ಗಂಡಸರು ಕಡಿಮೆ. ಜಗತ್ತಿನ 700 ಕೋಟಿ ಜನರಲ್ಲಿ 500 ಕೋಟಿ ಮಂದಿ ಇನ್ನೂ ಕೈಯಲ್ಲೇ ಒಗೆದ ಬಟ್ಟೆ ಉಡುತ್ತಾರೆ ಎಂದು ಅವರು ಅಂದು ಲೆಕ್ಕ ಕೊಟ್ಟರು. ಪರಿಸರದ ಹೆಸರಿನಲ್ಲಿ ಬಡ ದೇಶಗಳಿಗೆ ವಿದ್ಯುತ್ ಮಿತವ್ಯಯದ ಪಾಠ ಹೇಳುವ ತಮ್ಮ ವಿದ್ಯಾರ್ಥಿಗಳನ್ನು, ನಿಮ್ಮಲ್ಲಿ ಎಷ್ಟು ಮಂದಿ ಜೀನ್ಸ್ ಮತ್ತು ಹಾಸಿಗೆ ಬಟ್ಟೆಗಳನ್ನು ಕೈಯಲ್ಲೇ ಒಗೆಯುತ್ತೀರಿ ಎಂದು ಕೇಳಿದ್ದನ್ನೂ ಹೇಳಿದರು. ಒಂದು ಕೈಯೂ ಮೇಲೇಳಲಿಲ್ಲವಂತೆ. ಈ ಮಾತಿನಲ್ಲಿ ನ್ಯಾಯವಿದೆ.

ಆದರೆ ಗುಂಡಿ ಒತ್ತಿದೊಡನೆ ಬಿಡುವು ಸಿಕ್ಕಿತು ಎಂಬ ಮಾತು ಪೂರ್ತಿ ಸತ್ಯವಲ್ಲ. ಅಮೆರಿಕದಲ್ಲಿ ಸ್ವಯಂಚಾಲಿತ ಯಂತ್ರ 1937ರ ಹೊತ್ತಿಗಷ್ಟೇ ಬಂತು. ಅದಕ್ಕೆ ಮುಂಚೆಯೂ, ಆ ಮೇಲೆ ಬಹುಕಾಲವೂ ಮನೆಗಳಲ್ಲಿದ್ದದ್ದು ರಿಂಗರ್ ಯಂತ್ರ. ಅಯೋವಾ ರಾಜ್ಯದ ನ್ಯೂಟನ್ ಪಟ್ಟಣದ ಮೇಟ್ಯಾಗ್ ಕಂಪೆನಿ ಮೊದಲು ಕೃಷಿ ಸಲಕರಣೆಗಳನ್ನು ತಯಾರಿಸುತ್ತಿತ್ತು. 1907ರಲ್ಲಿ ಅದು ಕೈಯಿಂದ ತಿರುಗಿಸುವ ಯಂತ್ರ ಮಾಡಿತು. 1922ರಲ್ಲಿ ತೊಟ್ಟಿಯ ತಳದಲ್ಲಿ ಬಟ್ಟೆ ಕಲಕುವ ರೆಕ್ಕೆಗಳಿರುವ ಮಾದರಿ ತಂದು ಹೆಸರು ಮಾಡಿತು. ಕರೆಂಟಿಲ್ಲದ ಹಳ್ಳಿಮನೆಗಳಿಗೆ ಪೆಟ್ರೋಲ್ ಎಂಜಿನ್ ಜೋಡಿಸಿದ ಯಂತ್ರಗಳನ್ನೂ ಮಾರಿತು. ಈ ಕಂಪೆನಿ ರಿಂಗರ್ ಯಂತ್ರ ತಯಾರಿಸುವುದನ್ನು ನಿಲ್ಲಿಸಿದ್ದು 1983ರಲ್ಲಿ.

ಈ ಯಂತ್ರ ಕಲಕುತ್ತಿತ್ತು, ಅಷ್ಟೇ. ನೀರು ಕಾಯಿಸಿ ತುಂಬುವುದು, ಮೊದಲು ಬಿಳಿ ಬಟ್ಟೆ, ಆ ಮೇಲೆ ಬಣ್ಣದ್ದು, ಕೊನೆಗೆ ಅದೇ ನೀರಿನಲ್ಲಿ ಕೆಲಸದ ಬಟ್ಟೆ ಎಂದು ವಿಂಗಡಿಸುವುದು ಹೆಂಗಸಿನದೇ ಕೆಲಸ. ತೊಟ್ಟಿಯ ಮೇಲೆ ಎರಡು ರಬ್ಬರ್ ರೋಲರ್‌ಗಳಿದ್ದವು. ಒಂದೊಂದೇ ಬಟ್ಟೆಯನ್ನು ಅವುಗಳ ನಡುವೆ ಕೈಯಿಂದ ತೂರಿಸಿ ಹಿಂಡಬೇಕು. ಜಾಲಾಡಿದ ಮೇಲೆ ಮತ್ತೊಮ್ಮೆ ಹಿಂಡಬೇಕು. ಸ್ವಲ್ಪ ಎಚ್ಚರ ತಪ್ಪಿದರೆ ಬೆರಳು, ತೋಳು, ಜಡೆ ಒಳಗೆ ಹೋಗುತ್ತಿತ್ತು. ಪಕ್ಕದಲ್ಲಿ ಆಡುತ್ತಿದ್ದ ಮಕ್ಕಳ ಕೈ ಎಷ್ಟು ಸಲ ಸಿಕ್ಕಿಕೊಂಡಿತೆಂದರೆ, 1930ರ ದಶಕದಲ್ಲೇ ಅಮೆರಿಕದ ವೈದ್ಯರು ಆ ಗಾಯಕ್ಕೆ 'ರಿಂಗರ್ ಆರ್ಮ್' ಎಂದು ಹೆಸರಿಟ್ಟರು. ಉಜ್ಜಿ ಉಜ್ಜಿ ಬೆನ್ನು ಮುರಿಯುವುದು ಇದರಿಂದ ತಪ್ಪಿತು, ನಿಜ. ಆದರೆ ಯಂತ್ರದ ಬಳಿಯಿಂದ ಕದಲುವಂತಿರಲಿಲ್ಲ. ಅಂದು ಗ್ರಂಥಾಲಯಕ್ಕೆ ಹೋಗುವ ಮಾತೆಲ್ಲಿ?

ಹಾಗಾದರೆ ಗುಂಡಿಯ ಯಂತ್ರ ಬಂದ ಮೇಲಾದರೂ ಬಿಡುವು ಸಿಕ್ಕಿತೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ 'ಮೋರ್ ವರ್ಕ್ ಫಾರ್ ಮದರ್' ಎಂಬ ಕೃತಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ. ತಾಯಿಗೆ ಇನ್ನಷ್ಟು ಕೆಲಸ ಎಂಬ ಹೆಸರೇ ಉತ್ತರ ಹೇಳುತ್ತದೆ. ಯಂತ್ರಕ್ಕೆ ಮುಂಚೆ ಅನುಕೂಲವಿದ್ದ ಮನೆಗಳ ಬಟ್ಟೆ ಕೂಲಿಯವಳ ಕೈಗೋ ಲಾಂಡ್ರಿಗೋ ಹೋಗುತ್ತಿತ್ತು. ಯಂತ್ರ ಬಂದ ಮೇಲೆ ಅದೆಲ್ಲ ಮನೆಗೇ ಮರಳಿ ಗೃಹಿಣಿಯ ತಲೆಗೆ ಬಂತು. ಶುಚಿತ್ವದ ಮಟ್ಟವೂ ಏರಿತು. ವಾರಕ್ಕೊಮ್ಮೆ ಬದಲಿಸುತ್ತಿದ್ದ ಅಂಗಿಯನ್ನು ದಿನವೂ ಬದಲಿಸುವಂತಾಯಿತು. ಜೋಯನ್ ವಾನೆಕ್ 1974ರಲ್ಲಿ ತೋರಿಸಿದಂತೆ, ಹೊರಗೆ ದುಡಿಯದ ಅಮೆರಿಕದ ಗೃಹಿಣಿಯರು 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದರೆ, 1960ರ ದಶಕದಲ್ಲಿ ಅದು 55 ಗಂಟೆಯಾಗಿತ್ತು. ಬಟ್ಟೆಗಾಗಿ ಕಳೆಯುವ ಸಮಯವೂ ಹೆಚ್ಚಿತ್ತು.

ಭಾಷಣದಲ್ಲಿ ಕಾಣದ ಇನ್ನೊಬ್ಬಳಿದ್ದಾಳೆ: ಕೂಲಿಗೆ ಒಗೆಯುವವಳು. 1881ರ ಜುಲೈಯಲ್ಲಿ ಅಟ್ಲಾಂಟಾ ನಗರದಲ್ಲಿ 20 ಮಂದಿ ಕಪ್ಪು ಮಹಿಳೆಯರು ಸಂಘ ಕಟ್ಟಿ, 12 ಪೌಂಡ್ ಬಟ್ಟೆಗೆ ಒಂದು ಡಾಲರ್ ಕೂಲಿ ಕೇಳಿ ಮುಷ್ಕರ ಹೂಡಿದರು. ಮೂರು ವಾರಗಳಲ್ಲಿ ಅವರ ಸಂಖ್ಯೆ 3,000 ಆಯಿತು. ಬಂಧನ, ದಂಡ, ವರ್ಷಕ್ಕೆ 25 ಡಾಲರ್ ಪರವಾನಗಿ ಶುಲ್ಕದ ಬೆದರಿಕೆ ಯಾವುದಕ್ಕೂ ಅವರು ಜಗ್ಗಲಿಲ್ಲ. ಮುಂದೆ ಯಂತ್ರ ಮನೆಯೊಡತಿಯ ಬಳಿ ಬಂದಾಗ ಇಂಥವರ ಕೂಲಿ ಕೈತಪ್ಪಿತು. ಒಬ್ಬಳ ಅನುಕೂಲವನ್ನು ಎಣಿಸುವಾಗ ಇನ್ನೊಬ್ಬಳ ಹೊಟ್ಟೆಪಾಡನ್ನು ಬಿಟ್ಟರೆ ಲೆಕ್ಕ ಪೂರ್ತಿಯಾದೀತೇ?

ಹಾಗೆಂದು ಯಂತ್ರ ಬೇಡ ಎನ್ನುವುದು ಈ ವಿಮರ್ಶೆಯ ಉದ್ದೇಶವಲ್ಲ. ಒಗೆಯುವ ಕಲ್ಲನ್ನು ಕೊಂಡಾಡುವವರು ಸಾಮಾನ್ಯವಾಗಿ ಅದರ ಮುಂದೆ ಬಗ್ಗಿ ನಿಂತವರಲ್ಲ. ನಲ್ಲಿನೀರಿಲ್ಲದ ಕಾಲದಲ್ಲಿ ಒಂದು ಸಲದ ಒಗೆತಕ್ಕೆ ಸುಮಾರು 190 ಲೀಟರ್ ನೀರನ್ನು ಅಮೆರಿಕದ ಹೆಂಗಸರು ಹೊತ್ತು ತರಬೇಕಿತ್ತು. ಆ ಹೊರೆ ಇಳಿದದ್ದು ದೊಡ್ಡ ಉಪಕಾರ. ಆದರೆ ಅದನ್ನು ಇಳಿಸಿದ್ದು ಯಂತ್ರವೊಂದೇ ಅಲ್ಲ, ಮನೆವರೆಗೆ ಬಂದ ನಲ್ಲಿ ಮತ್ತು ವಿದ್ಯುತ್ ತಂತಿ. ರೋಸ್ಲಿಂಗ್ ತಾಯಿಯ ಕಥೆಯಲ್ಲೂ ಯಂತ್ರದಷ್ಟೇ ಮುಖ್ಯವಾದದ್ದು ಆ ಊರಿನ ಸಾರ್ವಜನಿಕ ಗ್ರಂಥಾಲಯ. ಅದಿರದಿದ್ದರೆ ಮಿಕ್ಕ ಗಂಟೆ ಅಡುಗೆಮನೆಯಲ್ಲೇ ಕರಗಿಹೋಗುತ್ತಿತ್ತು.

ಭಾರತ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆ ನಮ್ಮ ಮನೆಗಳ ಚಿತ್ರವನ್ನೂ ಮುಂದಿಡುತ್ತದೆ. ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಪುರುಷರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಪುರುಷರ ಲೆಕ್ಕ ಮಾತ್ರ. ಈ ಅಂತರವನ್ನು ತುಂಬುವ ಯಂತ್ರವನ್ನು ಯಾವ ಕಂಪೆನಿಯೂ ತಯಾರಿಸಲಾರದು. ರೋಸ್ಲಿಂಗ್ ಯಂತ್ರಕ್ಕೆ, ವಿದ್ಯುತ್ ಸ್ಥಾವರಕ್ಕೆ, ಉಕ್ಕಿನ ಕಾರ್ಖಾನೆಗೆ ಧನ್ಯವಾದ ಹೇಳಿ ಮಾತು ಮುಗಿಸುತ್ತಾರೆ. ಒಗೆದ ಬಟ್ಟೆಯನ್ನು ಹೊರತೆಗೆದು ಒಣಹಾಕಿ, ಮಡಚಿಟ್ಟವರು ಯಾರೆಂದು ಅವರು ಕೇಳಲಿಲ್ಲ. ಆ ಪ್ರಶ್ನೆಯನ್ನು ನಾವಾದರೂ ನಮ್ಮ ನಮ್ಮ ಮನೆಗಳಲ್ಲಿ ಕೇಳಿಕೊಳ್ಳಬೇಕಾಗಿದೆ.