ಸಂಸೋನನ ಕೊನೆಯ ಪ್ರಾರ್ಥನೆ

ಇಬ್ರಿಯ ಧರ್ಮಗ್ರಂಥದ 'ನ್ಯಾಯಸ್ಥಾಪಕರು' ಎಂಬ ಭಾಗದ 13ರಿಂದ 16ನೆಯ ಅಧ್ಯಾಯಗಳವರೆಗೆ ಸಂಸೋನನ ಕಥೆ ಬರುತ್ತದೆ. ಅವನು ಹುಟ್ಟುವ ಮೊದಲೇ ದೇವರಿಗೆ ಮುಡಿಪಾದವನು. ತಲೆಗೆ ಕ್ಷೌರದ ಕತ್ತಿ ಸೋಕಬಾರದೆಂಬ ವ್ರತಕ್ಕೆ ಒಳಗಾದವನು. ಬೆಳೆದ ಮೇಲೆ ಅವನ ನಡತೆಯಾದರೋ ಬೇರೆ. ಕಣ್ಣಿಗೊಪ್ಪಿದ ಹೆಣ್ಣನ್ನು ಬಯಸುವನು. ಸ್ವಂತದ ಸೇಡಿಗಾಗಿ ಫಿಲಿಷ್ಟಿಯರ ಪೈರನ್ನು ಸುಡುವನು. ಕಡೆಗೆ ದೆಲೀಲಳಿಗೆ ತನ್ನ ಬಲದ ಗುಟ್ಟನ್ನು ತಿಳಿಸಿ, ಕಣ್ಣುಗಳನ್ನು ಕಳೆದುಕೊಂಡು, ಗಾಜಾದ ಸೆರೆಮನೆಯಲ್ಲಿ ಬೀಸುವ ಕೆಲಸಕ್ಕೆ ಬೀಳುವನು. ಕೊನೆಗೆ ಶತ್ರುಗಳ ಉತ್ಸವದಲ್ಲಿ ಎರಡು ಕಂಬಗಳನ್ನು ಕೆಡವಿ ಅವರೊಡನೆ ತಾನೂ ಸಾಯುವನು. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆ ಇಂಥವನನ್ನು ನಂಬಿಕೆಯುಳ್ಳವರ ಸಾಲಿನಲ್ಲಿ ಹೆಸರಿಸುತ್ತದೆ. ಇದು ಹೇಗೆ ಸಲ್ಲುತ್ತದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಕೋಲಾರದ ಚಿನ್ನದ ಗಣಿಗಳ ಪ್ರದೇಶದಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವುಂಟು. ಜಾನ್ ಟೇಲರ್ ಸಂಸ್ಥೆ ಅಲ್ಲಿ 1880ರಲ್ಲಿ ಕೆಲಸಕ್ಕೆ ತೊಡಗಿತು. ಆಗ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲುದಾರಿಯಾಯಿತು. ಗಣಿಗೆ ಬಂದ ಕೆಲಸಗಾರರಲ್ಲಿ, ಮುಖ್ಯವಾಗಿ ತಮಿಳು ಜಿಲ್ಲೆಗಳವರಲ್ಲಿ, ಕ್ರೈಸ್ತರೂ ಅನೇಕರಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಮೇಲಿನ ಒತ್ತಡಕ್ಕೆ ಬಂಡೆ ಒಮ್ಮೆಲೇ ಸಿಡಿದು ಆಳುಗಳನ್ನು ಬಲಿತೆಗೆದುಕೊಂಡದ್ದುಂಟು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆಸರೆ ಕಳಚಿದರೆ ಏನಾಗುವುದೆಂದು ತಲೆಮಾರುಗಳಿಂದ ಅರಿತ ಜನಕ್ಕೆ, ಚಾವಣಿ ಕುಸಿದ ಈ ಕಥೆಯನ್ನು ಬರಿಯ ವಿಜಯಗಾಥೆಯಾಗಿ ಬೋಧಿಸುವುದು ಉಚಿತವೆ?

ಪ್ರಾಚೀನರ ವ್ಯಾಖ್ಯಾನಗಳಲ್ಲಿ ಮೂರು ಗಮನಾರ್ಹವಾಗಿವೆ. ಯೆಹೂದ್ಯರ ಮಿಶ್ನಾ ಗ್ರಂಥದ ಪ್ರಕಾರ ಸಂಸೋನನು ಕಣ್ಣು ಎಳೆದತ್ತ ಹೋದನು, ಆದ್ದರಿಂದ ಕಣ್ಣನ್ನೇ ಕಳೆದುಕೊಂಡನು. ಸಂತ ಅಗಸ್ಟೀನನು, ತನ್ನನ್ನು ತಾನೇ ಕೊಂದುಕೊಂಡ ದೋಷದಿಂದ ಅವನನ್ನು ಬಿಡಿಸಲು, ದೇವರ ಆತ್ಮ ಗುಪ್ತವಾಗಿ ಹಾಗೆ ಆಜ್ಞಾಪಿಸಿತ್ತೆಂದು ವಾದಿಸಿದನು. ಬೇರೆ ಕೆಲವರು ಅವನ ಸಾವಿನಲ್ಲಿ ಕ್ರಿಸ್ತನ ಶಿಲುಬೆಯ ಮುನ್ಸೂಚನೆಯನ್ನು ಕಂಡರು.

ಮೊದಲನೆಯದು ನ್ಯಾಯಸಮ್ಮತವೇ, ಆದರೆ ಶಿಕ್ಷೆಗೆ ಗುರಿಯಾದವನ ಮೊರೆಗೆ ದೇವರು ಏಕೆ ಓಗೊಟ್ಟನೆಂಬುದನ್ನು ಅದು ವಿವರಿಸದು. ಎರಡನೆಯದಕ್ಕೆ ಮೂಲದ ಆಧಾರ ಸಾಲದು. ಸಿಂಹವನ್ನು ಸೀಳಿದಾಗ, ಮೂವತ್ತು ಮಂದಿಯನ್ನು ಕೊಂದಾಗ, ಕಟ್ಟಿದ ಹಗ್ಗಗಳನ್ನು ಹರಿದಾಗ ಯೆಹೋವನ ಆತ್ಮ ಅವನ ಮೇಲೆ ಬಂದಿತೆಂದು ಕಥೆಗಾರ ತಪ್ಪದೆ ಹೇಳುತ್ತಾನೆ. ಕಂಬಗಳ ಬಳಿ ಆ ಮಾತಿಲ್ಲ. ಮೂರನೆಯದು ಪ್ರಾರ್ಥನೆಯ ಮುಂದೆ ನಿಲ್ಲಲಾರದು. ಕ್ರಿಸ್ತನು ಕೊಲ್ಲುವವರ ಕ್ಷಮೆಗಾಗಿ ಬೇಡಿದನು; ಸಂಸೋನನು ಬೇಡಿದ್ದು ಎರಡು ಕಣ್ಣುಗಳ ಸೇಡನ್ನು.

ಹಾಗಾದರೆ ಮೂಲದ ಅಭಿಪ್ರಾಯವೇನು? ಅವನು ಪಶ್ಚಾತ್ತಾಪಪಟ್ಟನೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಯೆಹೋವನು ತನ್ನನ್ನು ಬಿಟ್ಟುಹೋದದ್ದೇ ಅವನಿಗೆ ತಿಳಿದಿರಲಿಲ್ಲ. ಆದರೆ ಸೆರೆಯಲ್ಲಿ ಕೂದಲು ಮತ್ತೆ ಬೆಳೆಯತೊಡಗಿತೆಂಬ ಒಂದು ವಾಕ್ಯ, ಪ್ರಾರ್ಥನೆಗೆ ಮೊದಲೇ, ಬಂದುಬಿಡುತ್ತದೆ. ಬೇಡುವ ಮುನ್ನವೇ ಕೃಪೆ ಕೆಲಸಮಾಡುತ್ತಿದೆ. ಅದು ಯೋಗ್ಯತೆಗೆ ಸಂದ ಕೂಲಿಯಲ್ಲ.

ಕೃಪೆ ದೊರೆತ ಮಾತ್ರಕ್ಕೆ ಕೃತ್ಯಕ್ಕೆ ಒಪ್ಪಿಗೆ ದೊರೆತಂತಾಗಲಿಲ್ಲ. ಒತ್ನೀಯೇಲ, ಏಹೂದ, ದೆಬೋರ, ಗಿದ್ಯೋನರ ಕಥೆಗಳ ಕೊನೆಯಲ್ಲಿ ದೇಶಕ್ಕೆ ಇಂತಿಷ್ಟು ವರ್ಷ ಶಾಂತಿಯಿತ್ತೆಂಬ ಮಾತು ಬರುತ್ತದೆ. ಸಂಸೋನನ ಕಥೆಯಲ್ಲಿ ಅದಿಲ್ಲ. ದೆಬೋರಳಿಗೆ ಸಂದ ಜಯಗೀತೆಯೂ ಇಲ್ಲ. ಸತ್ತವರ ಲೆಕ್ಕವುಂಟು; ಬಂಧುಗಳು ಬಂದು ಶವವನ್ನು ಒಯ್ದು ಹೂಳಿದರೆಂಬ ಮಾತುಂಟು; ಅಷ್ಟೇ. ಹುಟ್ಟಿಗೆ ಮೊದಲು ದೇವದೂತನು ನುಡಿದದ್ದೂ ಅವನು ಇಸ್ರಾಯೇಲ್ಯರ ಬಿಡುಗಡೆಯನ್ನು ಆರಂಭಿಸುವನೆಂದು ಮಾತ್ರ. ಫಿಲಿಷ್ಟಿಯರೊಡನೆ ಹೋರಾಟ ಸಮುವೇಲ, ಸೌಲ, ದಾವೀದರ ಕಾಲಕ್ಕೂ ಮುಂದುವರಿಯಿತು.

ಕನ್ನಡದ ಓದುಗನಿಗೆ ಈ ಬಗೆಯ ನಾಯಕ ಅಪರಿಚಿತನಲ್ಲ. ರನ್ನನ 'ಗದಾಯುದ್ಧ'ದ ದುರ್ಯೋಧನನಿಗಾಗಿ ನಾವು ಮರುಗುತ್ತೇವೆ. ಹಾಗೆಂದು ದ್ರೌಪದಿಗೆ ಅವನು ಮಾಡಿದ ಅವಮಾನವನ್ನು ಮನ್ನಿಸಿದಂತಾಗುವುದಿಲ್ಲ. ಮರುಕ ಬೇರೆ, ಸಮರ್ಥನೆ ಬೇರೆ. ಧರ್ಮಗ್ರಂಥದ ವ್ಯಾಖ್ಯಾನದಲ್ಲಿಯೂ ಈ ವಿವೇಕ ಬೇಕು.

ಆದುದರಿಂದ ಸಂಸೋನನು ವಿಶ್ವಾಸಕ್ಕೆ ಸಾಕ್ಷಿಯೇ ಹೊರತು ನಡತೆಗೆ ಮಾದರಿಯಲ್ಲವೆಂದು ನಮ್ಮ ನಿರ್ಣಯ. ಕುರುಡನಾಗಿ, ಪರರ ನಗೆಗೆ ಈಡಾಗಿ, ತನ್ನ ದೇವರನ್ನೇ ಕೂಗಿದುದರಲ್ಲಿ ಅವನ ವಿಶ್ವಾಸವಿದೆ. ಅವನು ಕೂಗಿ ಬೇಡಿದ್ದರಲ್ಲಿ ಅವನ ಕೊರತೆಯಿದೆ. ಆ ಚಾವಣಿಯ ಮೇಲೆ ಗಂಡಸರೂ ಹೆಂಗಸರೂ ಸೇರಿ ಸುಮಾರು ಮೂರು ಸಾವಿರ ಮಂದಿಯಿದ್ದರೆಂದು ಮೂಲವೇ ಹೇಳುತ್ತದೆ. ಅವರನ್ನು ಮರೆತು ಈ ಕಥೆಯನ್ನು ಬೋಧಿಸುವವನು, ಬಂಡೆಯಡಿ ಮಡಿದವರ ಮನೆಗಳಿರುವ ಊರಿನಲ್ಲಂತೂ, ಅರ್ಧ ಕಥೆಯನ್ನೇ ಬೋಧಿಸಿದಂತಾಗುತ್ತದೆ.