ಉದ್ದದ ದಾರಿಯೇ ಅಗ್ಗ: ಕಾರಣ ಹೇಳುವಾಗ ಎಡವುವುದೆಲ್ಲಿ?

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಹಾರಿಸತೊಡಗಿತು. ದಾರಿ ಸುಮಾರು 13,900 ಕಿಮೀಯಿಂದ 15,300 ಕಿಮೀಗೆ ಏರಿತು. ಆದರೆ ಅವಧಿ ಸುಮಾರು 2 ಗಂಟೆ ತಗ್ಗಿ 14.5 ಗಂಟೆಯಾಯಿತು! ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪೂರ್ವಕ್ಕೆ ಹಾರುವುದು ಸುಲಭ ಎಂಬ ವಿವರಣೆಯೂ ಆಗ ಬಂತು. ತರಗತಿಗಳಲ್ಲೂ ಇದು ಕೇಳಿಬರುತ್ತದೆ. ಇದು ತಪ್ಪು.

ನೆಲದೊಡನೆ ವಾಯುಮಂಡಲವೂ ತಿರುಗುತ್ತದೆ. ಹಾಗಿಲ್ಲದಿದ್ದರೆ ಬೆಂಗಳೂರಿನಲ್ಲಿ ಮೇಲೇರಿ ನಿಂತ ಹೆಲಿಕಾಪ್ಟರಿನ ಕೆಳಗೆ ನೆಲವು ಗಂಟೆಗೆ ಸುಮಾರು 1,600 ಕಿಮೀ ಜವದಲ್ಲಿ ಪೂರ್ವಕ್ಕೆ ಸರಿಯಬೇಕಿತ್ತು. ಆಗ ಲಾಭ ಪಶ್ಚಿಮಕ್ಕೆ ಹೋಗುವವರಿಗೆ!

ನಿಜವಾದ ಕಾರಣ ಗಾಳಿ. ಮಧ್ಯ ಅಕ್ಷಾಂಶಗಳಲ್ಲಿ, ಸುಮಾರು 10 ಕಿಮೀ ಎತ್ತರದಲ್ಲಿ ಜೆಟ್ ಪ್ರವಾಹ ಪೂರ್ವಾಭಿಮುಖವಾಗಿ ಹರಿಯುತ್ತದೆ. ಉಷ್ಣತೆಯ ವ್ಯತ್ಯಾಸದಿಂದ ಹುಟ್ಟುವ ಈ ಗಾಳಿಯ ದಿಕ್ಕನ್ನು ಬಾಗಿಸುವುದಷ್ಟೇ ಇಲ್ಲಿ ಭೂಭ್ರಮಣದ ಪಾತ್ರ.

ಲೆಕ್ಕ ಹಾಕಿ ನೋಡಿ. ಗಾಳಿಗೆ ಸಾಪೇಕ್ಷವಾಗಿ ವಿಮಾನದ ಜವ ಗಂಟೆಗೆ 900 ಕಿಮೀ ಎನ್ನೋಣ. 14.5 ಗಂಟೆಯಲ್ಲಿ ಅದು ಗಾಳಿಯೊಳಗೆ ಸಾಗುವ ದೂರ 13,050 ಕಿಮೀ, 16.5 ಗಂಟೆಯಲ್ಲಿ 14,850 ಕಿಮೀ. ಅಂದರೆ ನೆಲದ ಮೇಲೆ ಉದ್ದವಾದ ದಾರಿ ಗಾಳಿಯೊಳಗೆ 1,800 ಕಿಮೀ ಗಿಡ್ಡ. ಇಂಧನದ ಖರ್ಚು ಮುಖ್ಯವಾಗಿ ಅವಲಂಬಿಸುವುದು ಈ ಎರಡನೆಯ ದೂರವನ್ನು.

ಗೋಳದ ಮೇಲೆ ದಾರ ಎಳೆದು ಅತಿ ಹತ್ತಿರದ ದಾರಿ ತೋರಿಸುವ ಪಾಠ ಬೇಕು. ಆದರೆ ಅಲ್ಲಿಗೇ ನಿಲ್ಲಬಾರದು. ನದಿ–ದೋಣಿಯ ಲೆಕ್ಕ ಬಿಡಿಸಬಲ್ಲ ವಿದ್ಯಾರ್ಥಿ ಇದನ್ನೂ ಬಿಡಿಸಬಲ್ಲ. ತಪ್ಪು ಕಾರಣ ಹೇಳಿಕೊಟ್ಟು ಅವನ ದಾರಿ ತಪ್ಪಿಸುವುದು ಬೇಡ.